ಹುಳಕ್ಕೊಂದಿಷ್ಟು ಇರಲಿ

ನಮ್ಮ ಮನೆಯಲ್ಲಿ ಕಸವೇ ಹುಟ್ಟುವುದಿಲ್ಲ ಎಂಬ ಸಂಗತಿ ನನಗೆ ಗೊತ್ತಾದದ್ದು ಮದುವೆಯಾಗಿ ಹದಿಮೂರು ವರ್ಷದ ಮೇಲೆ, ಅದೂ ಒಂದು ಡಬ್ಬಿ ಎರೆಹುಳುಗಳನ್ನು ಮನೆಗೆ ತಂದ ಮೇಲೆ. ಬೇರೆ ಮನೆಯ ಹೆಂಗಸರು ಕಸ ಹೆಚ್ಚಾಯಿತು, ಕಸದ ಗಾಡಿ ಬರಲಿಲ್ಲ ಎಂದು ಗೋಳಾಡುತ್ತಾರೆ. ಕಸ ಸಾಲುತ್ತಿಲ್ಲವೆಂದು ಗೋಳಾಡಿದವಳು ಗದಗ-ಬೆಟಗೇರಿ ಅವಳಿ ನಗರದಲ್ಲಿ ಬಹುಶಃ ನಾನೊಬ್ಬಳೇ.

ನಾನು ಬೆಟಗೇರಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ವಿಜ್ಞಾನ ಕಲಿಸುವವರಿಗೆ ಒಂದು ಕಾಯಿಲೆ ಇರುತ್ತದೆ. ಕಂಡದ್ದನ್ನೆಲ್ಲ ಕಂಡವರಿಗೆಲ್ಲ ವಿವರಿಸಿ ಹೇಳಬೇಕೆನಿಸುವುದು. (ಇದಕ್ಕೆ ಮದ್ದಿಲ್ಲ ಎಂಬುದು ನನ್ನ ಗಂಡ ಕೊಟ್ರೇಶರ ಅಭಿಪ್ರಾಯ. ಅವರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕರಡು ತಿದ್ದುವವರು. ಪರರ ತಪ್ಪು ಹುಡುಕುವುದೇ ಅವರ ಉದ್ಯೋಗ, ಮನೆಗೆ ಬಂದ ಮೇಲೂ ಓವರ್‌ಟೈಮ್ ಮಾಡುತ್ತಾರೆ.) ಆಷಾಢದ ಒಂದು ಶನಿವಾರ ನಾವು ಕೆಲವು ಶಿಕ್ಷಕಿಯರು ಮುಂಡರಗಿ ಕಡೆಯ ನಿಜಲಿಂಗಪ್ಪ ಎಂಬ ರೈತರ ತೋಟ ನೋಡಲು ಹೋಗಿದ್ದೆವು. ಅವರು ಎರೆಗೊಬ್ಬರದ ತೊಟ್ಟಿಯೊಳಗೆ ಕೈ ಹಾಕಿ ಒಂದು ಮುಷ್ಟಿ ಎತ್ತಿ ತೋರಿಸಿದರು. ಚಹಾಪುಡಿಯ ಹಾಗೆ ಕಪ್ಪಗೆ, ಉದುರುದುರಾಗಿ ಇತ್ತು. ಮಳೆ ಬಿದ್ದ ನೆಲದ ವಾಸನೆ. ಅದರ ನಡುವೆ ಕೆಂಪು ಹುಳುಗಳು ಮೇಲಧಿಕಾರಿಯ ಭಯವಿಲ್ಲದೆ ತಮ್ಮ ಕೆಲಸ ತಾವು ಮಾಡಿಕೊಂಡಿದ್ದವು. ನನಗೆ ಥಟ್ಟನೆ ನನ್ನ ಮಕ್ಕಳು ನೆನಪಾದರು. ಅಂಗಳದ ಮಣ್ಣು ತಗುಲಿದರೆ ಸಾಬೂನು ಹುಡುಕುವ ಮಕ್ಕಳು ಅವು. ತಾಟಿನಿಂದ ಹೊರಟದ್ದು ಮಣ್ಣಾಗಿ, ಗಿಡವಾಗಿ, ತಿರುಗಿ ತಾಟಿಗೇ ಬಂದು ಸೇರುವ ಈ ವಿಶ್ವವ್ಯಾಪಾರವನ್ನು ಅವರಿಗೆ ತೋರಿಸಿಯೇ ತೀರುತ್ತೇನೆಂದು ಅಲ್ಲೇ ಪಣ ತೊಟ್ಟೆ.

ನಿಜಲಿಂಗಪ್ಪನವರು ಹುಳುಗಳನ್ನು ಒಂದು ಹಳೆಯ ಪೇಡೆ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಪಕ್ಕದ ಸೀಟಿನ ಅಜ್ಜಿ ಡಬ್ಬಿಯನ್ನು ನೋಡಿ ನಕ್ಕರು.

"ಯಾರ ಮನ್ಯಾಗ ಹಡದಾರವ್ವಾ?"

"ಇನ್ನೂ ಹಡದಿಲ್ರಿ. ಹಡಿಯಾವ್ರೆಲ್ಲಾ ಈ ಡಬ್ಬ್ಯಾಗ ಅದಾರ," ಎಂದು ಮುಚ್ಚಳ ಸ್ವಲ್ಪ ಸರಿಸಿ ತೋರಿಸಿದೆ. ಗದಗ ಬರುವವರೆಗೂ ಆ ಅಜ್ಜಿ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತರು.

ಮನೆಯಲ್ಲಿ ಸ್ವಾಗತ ಇನ್ನೂ ಚೆನ್ನಾಗಿತ್ತು.

"ಏನ ತಂದಿ?" ಎಂದರು ಕೊಟ್ರೇಶ.

"ಎರೆಹುಳಾ ರೀ. ಅರ್ಧ ಕಿಲೋ."

"ಮನ್ಯಾಗ ನಾಕ ಮಂದಿ ಇದ್ದದ್ದ ನಿನಗ ಸಾಲಲಿಲ್ಲೇನು, ಪಾಠಾ ಹೇಳಾಕ?"

ಅತ್ತೆ ಅನ್ನಪೂರ್ಣವ್ವ ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. "ಅವೂ ಶಿವನ ಮಕ್ಕಳ. ಹಿತ್ತಲದಾಗ ನೆಳ್ಳಿಗೆ ಇಡು, ಅಡಗಿಮನಿಗೆ ತರಬ್ಯಾಡ," ಎಂದರು. ಹಿತ್ತಿಲಿನಲ್ಲಿ ಕೆಟ್ಟುಹೋದ ಕೂಲರಿನ ತೊಟ್ಟಿ ಬಿದ್ದಿತ್ತು. ಕೊಟ್ರೇಶ ಗೊಣಗುತ್ತಲೇ ಅದಕ್ಕೆ ಕಾಸಿದ ಕಬ್ಬಿಣದ ಸಲಾಕೆಯಿಂದ ತೂತು ಕೊರೆದರು. ಅದೇ ಹುಳುಗಳ ಅರಮನೆಯಾಯಿತು.

ಮರುದಿನ ಪಾಠ ಆರಂಭ. ವಿದ್ಯಾರ್ಥಿಗಳು ಮೂವರು. ಹತ್ತು ವರ್ಷದ ಮಗಳು ನೀಲಾಂಬಿಕಾ, ಏಳು ವರ್ಷದ ಮಗ ಚನ್ನವೀರ, ಮತ್ತು ಹಿಂದಿನ ಮನೆಯ ಶಮಶಾದಬಿಯ ಮೊಮ್ಮಗಳು ರುಹಿ. ರುಹಿ ನೀಲುವಿನ ಕ್ಲಾಸಿನವಳು. ನನ್ನ ಮಕ್ಕಳಿಬ್ಬರೂ ಮೂಗು ಹಿಡಿದುಕೊಂಡು ನಿಂತರೆ, ರುಹಿ ಒಂದು ಹುಳುವನ್ನು ಅಂಗೈ ಮೇಲೆ ಎತ್ತಿಕೊಂಡು, "ತಣ್ಣಗ ಐತಿ ನೋಡ್ರೇ," ಎಂದಳು. ಆಗ ನೀಲು ಮೂಗು ಬಿಟ್ಟು ಕೈ ಚಾಚಿದಳು. ನಾನು ಪೂರಾ ನಲವತ್ತು ನಿಮಿಷ ಮಾತಾಡಿದೆ. ಕಣ್ಣಿಲ್ಲ, ಕಿವಿಯಿಲ್ಲ, ಹಲ್ಲಿಲ್ಲ, ಐದು ಜೋಡಿ ಹೃದಯ ಎಂದೆಲ್ಲ ಹೇಳಿದೆ.

"ಐದ ಜೋಡಿ ಹೃದಯ ಇದ್ರ, ಬೈದ್ರ ಹತ್ತಪಟ್ಟು ಕೆಟ್ಟ ಅನಸ್ತೈತೇನು?" ಎಂದು ಚನ್ನು ಕೇಳಿದ.

ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾನು ಮುಂದಕ್ಕೆ ಹೋದೆ. "ನಾವು ಉಂಡ ಬಿಟ್ಟದ್ದನ್ನ ಇವು ಉಣ್ಣತಾವ. ಉಂಡ ಗೊಬ್ಬರಾ ಮಾಡತಾವ."

"ನಾವ ಎಲ್ಲಿ ಬಿಡ್ತೀವಿ ಅವ್ವಾ?" ಎಂದ ಚನ್ನು. "ಆಯಿ ಬಿಡಗೊಡಂಗೇ ಇಲ್ಲಲ್ಲ?"

ಮಕ್ಕಳ ಬಾಯಲ್ಲಿ ಆಯಿ ಎಂದರೆ ನನ್ನ ಅತ್ತೆ. ಅವರಿಗೆ ತಾಟಿನಲ್ಲಿ ಬಿದ್ದದ್ದು ಪ್ರಸಾದ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದು ಏಳುವವರು. ಮೊಮ್ಮಕ್ಕಳಿಗೂ ಅದೇ ರೂಢಿ. ಅಡುಗೆಮನೆಯಲ್ಲಿಯೂ ಅವರದೇ ರಾಜ್ಯಭಾರ. ಮಿಕ್ಕ ರೊಟ್ಟಿ ಒಣಗಿ ಕಟಕ ರೊಟ್ಟಿಯಾಗಿ ಡಬ್ಬಿ ಸೇರುತ್ತದೆ. ಮಿಕ್ಕ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ. ಹೀರೇಕಾಯಿಯ ಸಿಪ್ಪೆ ಚಟ್ನಿಗೆ, ಕೊತ್ತಂಬರಿಯ ದಂಟು ಸಾರಿಗೆ, ಚಹಾದ ಚರಟ ದುಂಡುಮಲ್ಲಿಗೆಯ ಬುಡಕ್ಕೆ. ನಾನು ಒಂದು ಇಡೀ ದಿನ ಕಾದು ನಿಂತರೂ ಹುಳುಗಳ ಪಾಲಿಗೆಂದು ಒಂದು ತುತ್ತೂ ಸಿಗಲಿಲ್ಲ.

ಉಳಿದದ್ದು ಹಿತ್ತಿಲ ಗೋಡೆಯ ಮೇಲಿನ ಬಕೆಟ್ ಒಂದೇ. ಮೆಂತ್ಯದ ಕಡ್ಡಿ, ಬಾಳೆಹಣ್ಣಿನ ಸಿಪ್ಪೆ, ಕೋಸಿನ ಹೊರಗಿನ ಎಲೆ, ಹೀಗೆ ಯಾತಕ್ಕೂ ಬಾರದ್ದು ಅದರಲ್ಲಿ ಬೀಳುತ್ತಿತ್ತು. ಸಂಜೆ ಐದಕ್ಕೆ ಶಮಶಾದಬಿ ಹಿತ್ತಿಲ ಬಾಗಿಲಿಂದ ಬಂದು ತಮ್ಮ ನಾಲ್ಕು ಆಡುಗಳಿಗೆ ಅದನ್ನು ಒಯ್ಯುತ್ತಿದ್ದರು. ಒಯ್ಯುವ ಮೊದಲು "ಒಂದೈದ ಮಿನಿಟ" ಎಂದು ಹಿಂದಿನ ಮೆಟ್ಟಿಲ ಮೇಲೆ ಅತ್ತೆಯ ಪಕ್ಕ ಕೂರುತ್ತಿದ್ದರು. ಐದು ನಿಮಿಷ ಮುಗಿಯುವಾಗ ಬೀದಿಯ ದೀಪ ಹತ್ತಿರುತ್ತಿತ್ತು. ಸೊಪ್ಪು ಸೋಸುವುದು, ಚಹಾ, ಯಾರದೋ ಮೊಣಕಾಲು ನೋವು, ಯಾರದೋ ಸೊಸೆ (ನಾನು ಹಾದುಹೋದರೆ ಮಾತು ನಿಲ್ಲುತ್ತಿತ್ತು, ಹಾಗಾಗಿ ಯಾವ ಸೊಸೆ ಎಂದು ಊಹಿಸುವುದು ಕಷ್ಟವಿರಲಿಲ್ಲ). ಹದಿನೈದು ದಿನಕ್ಕೊಮ್ಮೆ ಶಮಶಾದಬಿ ಒಂದು ಬುಟ್ಟಿ ಆಡಿನ ಹಿಕ್ಕೆ ತಂದು ಮಲ್ಲಿಗೆ, ಕರಿಬೇವಿನ ಬುಡಕ್ಕೆ ಸುರಿಯುತ್ತಿದ್ದರು. ನಾನು ಈ ಮನೆಗೆ ಬರುವ ಮೊದಲಿನಿಂದಲೂ ಇದು ನಡೆದಿತ್ತು. ದಿನವೂ ನೋಡುತ್ತಿದ್ದೆ. ಹರಟೆ ಎಂದು ತಿಳಿದಿದ್ದೆ.

ಆ ಸಂಜೆ ಬಕೆಟ್ಟಿನ ಹತ್ತಿರ ನಾನೇ ನಿಂತೆ.

"ಚಾಚಿ, ಒಂದ ತಿಂಗಳ ಈ ಸಿಪ್ಪಿ ಒಯ್ಯಬ್ಯಾಡ್ರಿ. ಮಕ್ಕಳಿಗೆ ಪಾಠಾ ಮಾಡಾಕ ಬೇಕಾಗೈತಿ."

ಶಮಶಾದಬಿ ಬಕೆಟ್ಟಿನ ಹಿಡಿಯಿಂದ ಕೈ ತೆಗೆದರು. "ಆತ ತಗೋ ಶೈಲವ್ವ. ಮಕ್ಕಳ ಪಾಠಕ್ಕಿಂತ ನನ್ನ ಆಡ ದೊಡ್ಡವೇನ?" ಎಂದು ನಕ್ಕರು. ಅವತ್ತು ಅವರು ಚಹಾ ಕುಡಿಯದೆ ಹೋದರು ಎಂಬುದು ನನಗೆ ನೆನಪಾದದ್ದು ಬಹಳ ದಿನದ ಮೇಲೆ.

ಬಕೆಟ್ಟಿನ ಸಿಪ್ಪೆಯಿಂದ ಅರಮನೆಯ ಊಟ ಶುರುವಾಯಿತು. ಆದರೆ ಮಕ್ಕಳಿಗೆ ಅಷ್ಟು ಸಾಕೆನಿಸಲಿಲ್ಲ. ಹುಳುಗಳ ಮೇಲೆ ಅವರಿಗೆ ಎಲ್ಲಿಲ್ಲದ ಮಮತೆ ಹುಟ್ಟಿತು, ಮುಖ್ಯವಾಗಿ ಹಾಗಲಕಾಯಿ ಪಲ್ಯ ಮಾಡಿದ ದಿನ.

"ಹುಳಕ್ಕೊಂದಿಷ್ಟು ಇರಲಿ ಅವ್ವಾ, ಪಾಪ," ಎಂದು ಚನ್ನು ಇಡೀ ಪಲ್ಯವನ್ನು ತಾಟಿನ ಅಂಚಿಗೆ ಸರಿಸಿದ. ಮರುದಿನ ನೀಲು ಉಪ್ಪಿಟ್ಟನ್ನು ಹುಳುಗಳಿಗೆ ದಾನ ಮಾಡಿದಳು. ನಾನು ಪತ್ರಿಕೆಯಲ್ಲಿ ಓದಿ ರಾಗಿ, ಮೆಂತ್ಯ, ಅಗಸಿ ಹಾಕಿ ಮಾಡಿದ ಆರೋಗ್ಯವರ್ಧಕ ದೋಸೆಯನ್ನು ಕೊಟ್ರೇಶ ಎರಡು ತುತ್ತು ತಿಂದು ಕೈತೊಳೆದರು. "ನಾನೂ ಹುಳಕ್ಕ ಒಂಚೂರ ಬಿಟ್ಟೇನಿ ನೋಡು," ಎಂದರು. ಒಂಚೂರು ಎಂದರೆ ಮೂರೂವರೆ ದೋಸೆ.

ಅನ್ನವನ್ನು ಹಾಳು ಮಾಡಬಾರದೆಂದು ಕಲಿಸಲು ತಂದ ಹುಳುಗಳು ಹದಿಮೂರು ವರ್ಷದಲ್ಲಿ ಮೊದಲ ಸಲ ನಮ್ಮ ಮನೆಗೆ ಅನ್ನ ಹಾಳು ಮಾಡುವುದನ್ನು ಕಲಿಸಿದವು. ಹುಳುಗಳು ಎಂದೆನೇ? ಕಲಿಸಿದವಳು ನಾನು. ಆದರೆ ಆಗ ಅದನ್ನು ಒಪ್ಪಿಕೊಳ್ಳುವಷ್ಟು ಬಿಡುವು ನನಗಿರಲಿಲ್ಲ. ದಿನಾ ತೊಟ್ಟಿಯ ಉಷ್ಣತೆ ನೋಡಿ ವಹಿಯಲ್ಲಿ ಬರೆಯುವುದಿತ್ತು.

ಅತ್ತೆ ದಿನವೂ ಐದು ಗಂಟೆಗೆ ಮೊರದಲ್ಲಿ ಸೊಪ್ಪು ಹಾಕಿಕೊಂಡು ಹಿಂದಿನ ಮೆಟ್ಟಿಲಿಗೆ ಹೋಗುವರು. ಹಿತ್ತಿಲ ಬಾಗಿಲು ನೋಡುವರು. ಸೊಪ್ಪು ಸೋಸುವರು. ಒಳಗೆ ಬರುವರು. ಎರಡು ವಾರ ಕಳೆದ ಮೇಲೆ ನಾನೇ ಕೇಳಿದೆ.

"ಯಾಕ್ರಿ ಅತ್ತಿ, ಚಾಚಿ ಬರವಲ್ರಲ್ಲ?"

"ಏನಂತ ಬರಬೇಕವ್ವ ಆಕಿ? ಬಕೆಟ್ ಇತ್ತು, ಬರತಿದ್ಲು. ಬರೇ ಕೈಲೇ ಬಂದ ಮಂದಿ ಮನಿ ಕಟ್ಟಿಗೆ ಕುಂಡ್ರತಾರೇನ?"

"ನೀವ ಹೋಗಿ ಬರ್ರಿ ಹಂಗಾರ."

"ನಾ ಏನಂತ ಹೋಗ್ಲಿ? ಆಕಿ ಆಡಿನ ಬಾಯಾಗಿನ ತುತ್ತ ಕಸಗೊಂಡ ಕುಂತೇವಿ."

ಇಬ್ಬರು ಮುದುಕಿಯರ ನಡುವೆ ಒಂದು ಗೋಡೆ, ಹತ್ತು ಹೆಜ್ಜೆ. ಅದನ್ನು ದಾಟಲು ಅವರಿಗೆ ಒಂದು ನೆವ ಬೇಕಿತ್ತು. ಆ ನೆವವನ್ನು ನಾನು ಕೂಲರಿನ ತೊಟ್ಟಿಯೊಳಗೆ ಹಾಕಿ ಮುಚ್ಚಿದ್ದೆ. ತಿಂಗಳು ಮುಗಿಯಲಿ, ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಮನಸ್ಸಿಗೆ ಮಾತ್ರ ಹಿತವಾಗಲಿಲ್ಲ.

ಮೂರನೆಯ ವಾರದ ಶನಿವಾರ ಮಧ್ಯಾಹ್ನ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತಿದ್ದೆವು. ಅತ್ತೆ ಒಂದು ರೊಟ್ಟಿ ಹಾಕಿಸಿಕೊಂಡರು. ಅರ್ಧ ತಿಂದರು. ಉಳಿದರ್ಧವನ್ನು ತಾಟಿನಲ್ಲೇ ಬಿಟ್ಟು ನೀರು ಕುಡಿದು ಎದ್ದರು.

ಕೊಟ್ರೇಶರ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ತಮ್ಮ ತಾಯಿ ತಾಟಿನಲ್ಲಿ ಅಗಳು ಬಿಟ್ಟದ್ದನ್ನು ಅವರು ನಲವತ್ತೈದು ವರ್ಷದಲ್ಲಿ ಕಂಡಿರಲಿಲ್ಲ.

"ಅತ್ತೀ, ರೊಟ್ಟಿ ಬಿಟ್ರಲ್ರಿ?"

"ಹುಳಕ್ಕ ಇರಲಿ," ಎಂದರು ಅತ್ತೆ, ಯಾವ ಸಿಟ್ಟೂ ಇಲ್ಲದೆ. "ಉಣ್ಣಾಕ ಮನಸ ಬರವಲ್ದು."

ಅವರು ಬೈದಿದ್ದರೆ ನಾನು ವಾದ ಮಾಡುತ್ತಿದ್ದೆ. ಬೈಯಲಿಲ್ಲ. ಆ ಅರ್ಧ ರೊಟ್ಟಿಯನ್ನು ನೋಡಿ ನನ್ನ ಕಣ್ಣು ತುಂಬಿತು. ನಾನು ಬಯಸಿ ಬಯಸಿ ಕಾದಿದ್ದ ಮುಸುರೆ ಕೊನೆಗೂ ಈ ಮನೆಯಲ್ಲಿ ಹುಟ್ಟಿತ್ತು.

"ಕರಡ ತಿದ್ದವ್ನ ಹೇಳಬೇಕೇನ ಶೈಲಾ, ತಪ್ಪ ಎಲ್ಲೈತಿ ಅಂತ?" ಎಂದು ಕೊಟ್ರೇಶ ಮೆಲ್ಲಗೆ ಕೇಳಿದರು. ಬೇಕಿರಲಿಲ್ಲ.

ಸಂಜೆ ಎರಡು ಸಲ ಹಿತ್ತಿಲ ಬಾಗಿಲವರೆಗೆ ಹೋದೆ. ಎರಡು ಸಲವೂ ಚಿಲಕ ಮುಟ್ಟಿ ಹಿಂದಕ್ಕೆ ಬಂದೆ. "ತಪ್ಪಾಯಿತು" ಎಂಬ ಮಾತನ್ನು ವರ್ಷಕ್ಕೆ ನೂರು ಮಕ್ಕಳಿಂದ ಹೇಳಿಸುತ್ತೇನೆ. ಸ್ವತಃ ಹೇಳುವುದು ರೂಢಿ ತಪ್ಪಿಹೋಗಿತ್ತು. ನಾಳೆ ಹೇಳಿದರಾಯಿತು ಎಂದು ಒಳಗೆ ಬಂದು ವಹಿ ಹಿಡಿದೆ.

ಮರುದಿನ ರವಿವಾರ. ಚಹಾಕ್ಕೆ ನೀರಿಡುತ್ತಿದ್ದೆ. ಹಿತ್ತಿಲಿನಿಂದ ಚನ್ನುವಿನ ಚೀರಾಟ ಕೇಳಿತು.

"ಅವ್ವಾ, ಜಲ್ದಿ ಬಾ! ಹುಳಾ ಮನಿ ಬಿಟ್ಟ ಹೊಂಟಾವ!"

ಹೋಗಿ ನೋಡಿದರೆ ನಿಜವಾಗಿಯೂ ಸಾಮೂಹಿಕ ವಲಸೆ. ತೂತು ತೂತಿನಿಂದ, ಅಂಚಿನ ಮೇಲಿನಿಂದ, ತೊಟ್ಟಿಯ ನಾಲ್ಕೂ ಕಡೆ ಹುಳುಗಳು ಇಳಿಯುತ್ತಿದ್ದವು. ಹಿತ್ತಿಲ ಕಲ್ಲುಹಾಸಿನ ತುಂಬ ಕೆಂಪು ಗೆರೆಗಳು. ಆಗಲೇ ಎಳೆಬಿಸಿಲು ಕಲ್ಲಿನ ತುದಿಗೆ ಬಂದಿತ್ತು. ಇನ್ನರ್ಧ ಗಂಟೆಯಲ್ಲಿ ಎಲ್ಲವೂ ಒಣಗಿ ಸಾಯುತ್ತಿದ್ದವು. ನಾನು ಮೊರ ಹಿಡಿದು ಓಡಿದೆ. ಕೊಟ್ರೇಶ ರವಿವಾರದ ಪುರವಣಿ ಹಿಡಿದು ಬಂದರು. "ಶಿವ ಶಿವಾ, ಯಾರೂ ತುಳೀಬ್ಯಾಡ್ರೋ," ಎಂದು ಅತ್ತೆ ಮೆಟ್ಟಿಲ ಮೇಲಿನಿಂದ ಕೂಗಿದರು. ಎಲ್ಲರೂ ಒಂಟಿ ಕಾಲಲ್ಲಿ ನಿಂತೆವು.

"ನಿನ್ನೆ ಏನ ಹಾಕಿದ್ರಿ ಇದಕ್ಕ?" ಎಂದು ಮಕ್ಕಳನ್ನು ಕೇಳಿದೆ.

ನೀಲು ತಲೆ ತಗ್ಗಿಸಿದಳು. "ಆಯಿ ಬಿಟ್ಟ ರೊಟ್ಟಿ ಹಾಕಿದ್ವಿ."

"ಅಷ್ಟಕ್ಕ ಹಿಂಗ ಆಗಂಗಿಲ್ಲ."

"ಬರೇ ರೊಟ್ಟಿ ಇತ್ತು ಅವ್ವಾ," ಎಂದ ಚನ್ನು, ಅಳು ನುಂಗುತ್ತ. "ಬರೇ ರೊಟ್ಟಿ ಯಾರ ತಿಂತಾರ? ಅದಕ್ಕ ರಂಜಕ ಹಚ್ಚಿ, ಮ್ಯಾಲ ಒಂದೀಟ ಎಣ್ಣಿ ಹಾಕಿ ಇಟ್ವಿ."

ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆರಸ, ಉಪ್ಪು ಸೇರಿಸಿ ರುಬ್ಬಿದ ನಮ್ಮ ರಂಜಕಕ್ಕೆ ಲಕ್ಷ್ಮೇಶ್ವರದಿಂದ ಬಂದ ಬೀಗರೇ ನೀರು ಕುಡಿದಿದ್ದಾರೆ. ಮೈಯೆಲ್ಲ ತೊಗಲೇ ಆದ ಹುಳುವಿನ ಗತಿ ಏನು? ಉಪ್ಪು, ಖಾರ, ಎಣ್ಣೆ ತಾಕಿಸಬೇಡಿ ಎಂದು ನಿಜಲಿಂಗಪ್ಪನವರು ಮೂರು ಸಲ ಹೇಳಿ ಕಳಿಸಿದ್ದರು. ನಾನು ಮಕ್ಕಳಿಗೆ ಐದು ಜೋಡಿ ಹೃದಯದ ಬಗ್ಗೆ ಹೇಳಿದ್ದೆ. ಇದನ್ನು ಹೇಳಿರಲಿಲ್ಲ. ಮಕ್ಕಳಾದರೋ ನೆಂಟರಿಗೆ ಬಡಿಸುವಂತೆ ಪ್ರೀತಿಯಿಂದ ಬಡಿಸಿದ್ದರು.

ಗೋಡೆಯ ಮೇಲೆ ರುಹಿಯ ತಲೆ ಕಾಣಿಸಿತು. ಒಮ್ಮೆ ನೋಡಿ, "ನಾನೀ!" ಎಂದು ಅಜ್ಜಿಯನ್ನು ಕೂಗುತ್ತ ಮಾಯವಾಯಿತು. ಎರಡೇ ನಿಮಿಷ. ಹಿತ್ತಿಲ ಬಾಗಿಲು ತಳ್ಳಿಕೊಂಡು ಶಮಶಾದಬಿ ಬಂದರು. ಸೊಂಟದ ಮೇಲೆ ಒಂದು ಬುಟ್ಟಿ, ಅದರ ತುಂಬ ಹಳೆಯ ಹಿಕ್ಕೆಯ ಪುಡಿ. ಯಾರನ್ನೂ ಮಾತಾಡಿಸದೆ ನೇರವಾಗಿ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ರೊಟ್ಟಿಯ ಚೂರು ಎತ್ತಿ ಮೂಸಿದರು.

"ಯಾ ಅಲ್ಲಾ! ರಂಜಕ? ಇದನ್ನ ತಿಂದ್ರ ನನ್ನ ಕಣ್ಣಾಗ ನೀರ ಬರತಾವ, ಇವಕ್ಕ ಇಟ್ಟೀರೇನ?" ಎಂದು ನಗತೊಡಗಿದರು. ನಗುತ್ತಲೇ ತೊಟ್ಟಿ ಬರಿದು ಮಾಡಿಸಿದರು, ತೊಳೆಸಿದರು, ಹಿಕ್ಕೆಯ ಪುಡಿ ಹರವಿ ನೀರು ಚಿಮುಕಿಸಿದರು. ಮೂವರು ಮಕ್ಕಳು ಒಂದೊಂದೇ ಹುಳುವನ್ನು ಬೆರಳಲ್ಲಿ ಎತ್ತಿ ತಂದು ಬಿಟ್ಟರು. ಮೂಗು ಹಿಡಿಯುವವರು ಯಾರೂ ಇರಲಿಲ್ಲ. ಬಿಟ್ಟ ಹುಳುಗಳು ಸರ್ರನೆ ಒಳಗೆ ಇಳಿದವು.

ಆಗ ನನ್ನ ಕಣ್ಣಿಗೆ ಬಿತ್ತು. ಶಮಶಾದಬಿಯ ಬುಟ್ಟಿಯ ತಳದಲ್ಲಿಯೂ ಹುಳುಗಳು! ಕೆಂಪಗೆ, ಗುಂಡಗೆ, ನಮ್ಮವಕ್ಕಿಂತ ಎರಡು ಪಟ್ಟು ಗಟ್ಟಿಯಾಗಿ.

"ಚಾಚಿ, ಇವು ಎಲ್ಲಿಂದ ಬಂದ್ವು?"

"ಎಲ್ಲಿಂದ ಬರಬೇಕ ಶೈಲವ್ವ? ನಮ್ಮ ಹಿಕ್ಕಿ ಕುಣ್ಯಾಗ ಹಿಡಿ ಹಿಡಿ ಅದಾವ. ನಿಮ್ಮ ಮನಿ ಸಿಪ್ಪಿ ಆಡ ತಿಂತಾವ, ಆಡ ಹಾಕಿದ್ದ ಇವು ತಿಂತಾವ, ಇವು ಬಿಟ್ಟದ್ದ ಅಕ್ಕಾನ ಮಲ್ಲಿಗಿ ತಿಂತೈತಿ. ನಿನಗ ಗೊತ್ತಿದ್ದಿಲ್ಲೇನ?" ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. "ನೀ ಇದನ್ನ ಶಾಲ್ಯಾಗ ಕಲಸ್ತೀ ಅಂತ ರುಹಿ ಹೇಳಿದ್ಲು."

"ಮುಂಡರಗಿಯಿಂದ ತೊಡಿ ಮ್ಯಾಲ ಕುಂಡ್ರಿಸ್ಕೊಂಡ ತಂದಾಳ್ರಿ," ಎಂದು ಕೊಟ್ರೇಶ ಪುರವಣಿಯ ಹಿಂದಿನಿಂದ ಹೇಳಿದರು.

ನನ್ನ ಬಾಯಿಂದ ಆ ಮಾತು ತಾನಾಗಿಯೇ ಬಂತು. "ಚಾಚಿ, ನಂದ ತಪ್ಪಾತ್ರಿ."

"ಹುಳಕ್ಕ ಹೇಳವ್ವಾ ಆ ಮಾತ," ಎಂದು ಅವರು ಕೈ ಝಾಡಿಸಿಕೊಂಡು ಎದ್ದರು. ಹೊರಡಲು ಬಾಗಿಲ ಕಡೆ ತಿರುಗಿದರು.

"ಶಮಶಾದ," ಎಂದರು ಅತ್ತೆ. ಅವರು ಯಾವಾಗ ಒಳಗೆ ಹೋಗಿದ್ದರೋ, ಎರಡು ಲೋಟ ಚಹಾ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. "ಚಹಾ ಆರತೈತಿ."

"ಒಂದೈದ ಮಿನಿಟ ಅಷ್ಟ ಅಕ್ಕಾ, ಆಡಿಗೆ ನೀರ ಇಟ್ಟಿಲ್ಲ," ಎಂದು ಶಮಶಾದಬಿ ಕುಳಿತರು. ಮೂರು ವಾರದ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ರುಹಿಯ ತಲೆಯ ಹೇನಿನಿಂದ ಶುರು ಮಾಡಿದರು. ಬಿಸಿಲು ಮೆಟ್ಟಿಲಿನಿಂದ ಇಳಿದು ಅಂಗಳ ದಾಟಿತು. ಆ ಮಧ್ಯಾಹ್ನ ಅತ್ತೆ ಎರಡು ರೊಟ್ಟಿ ಉಂಡು, ತಾಟು ತೊಳೆದು, ನೀರು ಕುಡಿದು ಎದ್ದರು. ಮಕ್ಕಳೂ ಹಾಗೆಯೇ. ಕೊಟ್ರೇಶರ ತಾಟಿನಲ್ಲಿ ಉಳಿದಿದ್ದ ಮೂರನೆಯ ದರ್ಜೆಯ ಪಲ್ಯವನ್ನು (ನಾನು ಮಾಡಿದ್ದು) ಅತ್ತೆ ಬೆರಳು ಮಾಡಿ ತೋರಿಸಿದರು. ಅವರು ಉಸಿರು ಬಿಗಿಹಿಡಿದು ನುಂಗಿದರು.

ಬಕೆಟ್ ಗೋಡೆಯ ಮೇಲೆ ಮರಳಿತು. ಹುಳುಗಳು ಶಮಶಾದಬಿಯ ಕುಣಿ ಸೇರಿದವು. ಪಾಠ ಈಗ ಗೋಡೆಯ ಆಚೆ ನಡೆಯುತ್ತದೆ. ಪಾಠ ಹೇಳುವವರು ಇಬ್ಬರು, ಅವರಲ್ಲಿ ನಾನಿಲ್ಲ.

ಆದರೂ ಶಿಕ್ಷಕಿಯ ಹಟ ಬಿಡಬೇಕಲ್ಲ. ತಿಂಗಳು ತುಂಬಿದ ದಿನ ನೀಲುವಿಗೆ ಹೇಳಿದೆ, ಕಲಿತದ್ದನ್ನು ಚಿತ್ರ ಬರೆದು ಭಾಗಗಳನ್ನು ಗುರುತಿಸು ಎಂದು. ಅವಳು ರುಹಿಯ ಜೊತೆ ಕುಳಿತು ದೊಡ್ಡ ಹಾಳೆಯ ಮೇಲೆ ಒಂದು ದುಂಡನೆಯ ಚಕ್ರ ಬರೆದು ತಂದಳು. ತಾಟು, ಆಯಿ, ಬಕೆಟ್, ನಾನಿ, ಆಡು, ಹಿಕ್ಕೆ, ಹುಳ, ಕರಿಬೇವು, ಮತ್ತೆ ತಾಟು. ಒಂದರಿಂದ ಒಂದಕ್ಕೆ ಬಾಣದ ಗುರುತು. ಆಯಿ ಮತ್ತು ನಾನಿಯ ನಡುವೆ ಮಾತ್ರ ಬಾಣ ಒಂದೆಡೆ ತುಂಡಾಗಿತ್ತು. ಆ ಜಾಗದಲ್ಲಿ ಕನ್ನಡಕ ಹಾಕಿದ ಒಬ್ಬ ಹೆಂಗಸು ಬಕೆಟ್ ಅಪ್ಪಿಕೊಂಡು ನಿಂತಿದ್ದಳು. ಅವಳ ಪಕ್ಕದಲ್ಲಿ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: ಅಡಚಣೆ.

ಕೊಟ್ರೇಶ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಒಂದೂ ತಪ್ಪ ಇಲ್ಲ," ಎಂದು ಮರಳಿ ಕೊಟ್ಟರು.

ನನ್ನ ಮುಖ ನೋಡಿ ನೀಲುವಿಗೆ ಅಳುಕಾಯಿತು. "ನೀ ಬಕೆಟ್ ವಾಪಸ್ ಕೊಟ್ಟೀಯಲ್ಲ ಅವ್ವಾ. ನಿನ್ನ ಅಳಿಸಿಬಿಡ್ಲೇನು?" ಎಂದು ರಬ್ಬರ್ ಎತ್ತಿಕೊಂಡಳು.

"ಬ್ಯಾಡವ್ವಾ," ಎಂದೆ. "ಖರೆ ಐತಿ."

ಕೆಂಪು ಪೆನ್ನು ತೆಗೆದು ಹತ್ತಕ್ಕೆ ಹತ್ತು ಹಾಕಿದೆ.